ಅಣಕುಜೀವಿ

ಗದಿಗೆಪ್ಪ ಬಾಯಿ ತೆರೆದರೆ ಒಳಗಿಂದ ಯಾರು ಹೊರಗೆ ಬರುತ್ತಾರೆಂದು ಹೇಳಲಾಗುತ್ತಿರಲಿಲ್ಲ. ಒಮ್ಮೆ ಗೂಡ್ಸ್ ಗಾಡಿ ಬರುತ್ತಿತ್ತು, ಅದರ ಬಾಲ ಹಿಡಿದು ಗಾರ್ಡಿನ ಸೀಟಿ ಬರುತ್ತಿತ್ತು. ಇನ್ನೊಮ್ಮೆ ದುರ್ಗದಬೈಲಿನಲ್ಲಿ ಮೆಂತ್ಯದ ಸೊಪ್ಪಿನ ಸೂಡಿಗಾಗಿ ಕಿತ್ತಾಡುವ ಇಬ್ಬರು ಮುದುಕಿಯರು ಬರುತ್ತಿದ್ದರು. ಅವರ ಜಗಳದ ಮರೆಯಲ್ಲಿ ಆ ಸೂಡನ್ನೇ ಮೇಯುವ ಎಮ್ಮೆಯೂ ಬರುತ್ತಿತ್ತು. ಆಟೋಕ್ಕೆ ಮೈಕು ಕಟ್ಟಿಕೊಂಡು, ಸೀರೆ ಅಂಗಡಿಯ ರಿಯಾಯಿತಿಯಿಂದ ಹಿಡಿದು ನಲ್ಲಿಯಲ್ಲಿ ನೀರು ಬಾರದಿರುವ ಸುದ್ದಿಯವರೆಗೆ ಎಲ್ಲವನ್ನೂ ಹಳೇ ಹುಬ್ಬಳ್ಳಿಗೆ ಸಾರುವುದು ಅವನ ಕಸುಬು. ನೀರಿಲ್ಲ ಎಂಬುದನ್ನು ಒಣ ನಲ್ಲಿಯ ಗೊರಗೊರ ದನಿಯಲ್ಲೇ ಸಾರುತ್ತಿದ್ದನಾದ್ದರಿಂದ ಜನ ಬೈಯುವುದನ್ನು ಮರೆತು ನಗುತ್ತಿದ್ದರು.

ಇಂಥವನ ಜೊತೆ ಬಾಳುವ ಹೆಂಡತಿಗೆ ಒಂದು ಅಸ್ತ್ರ ಬೇಕಾಗುತ್ತದೆ. ನೀಲವ್ವನಿಗೆ ಅದು ಮದುವೆಯಾದ ವರ್ಷವೇ ಸಿಕ್ಕಿತ್ತು. ಅತ್ತೆ ಕರೆದಳೆಂದು ಹೊಲಿಗೆ ಮಿಷನ್ನು ಬಿಟ್ಟು ಒಳಗೋಡಿದರೆ ಅಲ್ಲಿ ಅತ್ತೆ ಇರಲಿಲ್ಲ. ಗಂಡ ಒಬ್ಬನೇ ಗೋಡೆಗೆ ಒರಗಿ ಕೂತಿದ್ದ, ಮುಖದ ಮೇಲೆ ಹಸುಗೂಸಿನ ಮುಗ್ಧತೆ. ಆದರೆ ಎಡಗಾಲಿನ ಹೆಬ್ಬೆರಳು ಮಾತ್ರ ನೆಟ್ಟಗೆ ಮೇಲೆದ್ದು ನಿಂತಿತ್ತು. ಆಮೇಲೆ ಅವಳು ಕಣ್ಣಿಟ್ಟು ನೋಡಿದಳು. ಬೇರೆಯವರ ದನಿ ತೆಗೆದಾಗಲೆಲ್ಲ ಆ ಬೆರಳು ಏಳುತ್ತಿತ್ತು. ತನ್ನ ದನಿಗೆ ಮರಳಿದೊಡನೆ ಮಲಗುತ್ತಿತ್ತು. ಈ ವಿಷಯ ಸ್ವತಃ ಬೆರಳಿನ ಯಜಮಾನನಿಗೇ ಗೊತ್ತಿರಲಿಲ್ಲ. ನೀಲವ್ವ ಹೇಳಲೂ ಇಲ್ಲ. ಗಂಡ ಹೆಂಡಿರ ನಡುವೆ ಮುಚ್ಚುಮರೆ ಇರಬಾರದು ನಿಜ. ಆದರೆ ಒಂದೂ ಇಲ್ಲದಿದ್ದರೆ ಸಂಸಾರದಲ್ಲಿ ಮಜಾ ಏನು?

ಆ ಸಲದ ಚಳಿಗಾಲದಲ್ಲಿ ಗೂಡ್ಸ್ ಗಾಡಿಗೆ ಉಸಿರು ಸಾಲದಾಯಿತು. ಹುಬ್ಬಳ್ಳಿ ಬಿಟ್ಟ ಗಾಡಿ ಕುಂದಗೋಳ ಮುಟ್ಟುವ ಮೊದಲೇ ಕೆಮ್ಮಿ ನಿಲ್ಲುತ್ತಿತ್ತು. ಎಡ ಪಕ್ಕೆಯಲ್ಲಿ ಕುಕ್ಕುವ ನೋವು. ಎದೆಯ ಚಿತ್ರ ತೆಗೆಸಿ, ಎದೆಯಿಂದ ನೀರು ತೆಗೆಸಿ, ಚೂರು ಕತ್ತರಿಸಿ ಪರೀಕ್ಷೆಗೆ ಕೊಟ್ಟು, ಕೊನೆಗೆ ಇಬ್ಬರೂ ಧಾರವಾಡದ ದಾರಿಯಲ್ಲಿರುವ ಸಂಶೋಧನಾ ಆಸ್ಪತ್ರೆಯಲ್ಲಿ ಡಾಕ್ಟರ್ ಅಫ್ರೀನ್ ಸವಣೂರರ ಎದುರು ಬಂದು ಕೂತರು. ಅಫ್ರೀನ್ ನಲವತ್ತರ ಆಸುಪಾಸಿನವರು. ನಗು ಬಂದರೆ ತಡೆಯಲಾರದವರು. ಡಾಕ್ಟರಿಕೆಗೆ ಅದು ಅಡ್ಡಿ ಎಂದು ತಿಳಿದು ಸದಾ ತುಟಿ ಕಚ್ಚಿಕೊಂಡಿರುವವರು.

"ಮೀಸೋಥೀಲಿಯೋಮಾ," ಎಂದರು ಅವರು. "ಶ್ವಾಸಕೋಶದ ಮ್ಯಾಲೆ ಒಂದು ತೆಳು ಪೊರಿ ಇರ್ತದ. ಅದಕ್ಕ ಹತ್ತಿದ ಕ್ಯಾನ್ಸರ್ ಗಡ್ಡಿ."

ಗದಿಗೆಪ್ಪ ಗಲ್ಲ ಸವರಿಕೊಂಡ. "ಮೀಸಿ ಅಂತೀರಿ, ಗಡ್ಡಿ ಅಂತೀರಿ. ಡಾಕ್ಟರವ್ವಾ, ನಾ ನಿಮ್ಮ ಕಡೆ ಬರಬೇಕಾಗಿತ್ತೋ, ಕಟಿಂಗ್ ಸಲೂನಿಗೆ ಹೋಗಬೇಕಾಗಿತ್ತೋ?"

ಅಫ್ರೀನ್ ತುಟಿ ಕಚ್ಚಿದರು, ಸಾಲಲಿಲ್ಲ, ನಕ್ಕೇಬಿಟ್ಟರು. ಆಮೇಲೆ ಕನ್ನಡಕ ಒರೆಸಿಕೊಂಡು ಕೇಳಿದರು, "ಕಲ್ನಾರು ಗೊತ್ತೇನು? ಕಲ್ಲಿನೊಳಗ ಎಳಿ ಎಳಿಯಾಗಿ ಇರ್ತದ. ಹಳೇ ಬಾಯ್ಲರಿಗೆ, ಉಗಿ ಪೈಪಿಗೆ ಬಿಳಿ ಅರಳಿಗತೆ ಸುತ್ತಿರ್ತಿದ್ರು. ಅದರ ಕೆಲಸ ಏನರೆ ಮಾಡೀರೇನು?"

"ಹರೇದಾಗ ಒಂದಷ್ಟು ತಿಂಗಳು. ಗುಜರಿ ಶೆಡ್ಡಿನ್ಯಾಗ ಬಾಯ್ಲರ್ ಬಿಚ್ಚತಿದ್ವಿ."

"ಒಂದಷ್ಟು ತಿಂಗಳಿಗೆ ಇಷ್ಟು ಎಳಿ ಎದಿಯೊಳಗ ಕೂಡೂದಿಲ್ಲ," ಎಂದು ಅಫ್ರೀನ್ ಚಿತ್ರವನ್ನು ಬೆಳಕಿಗೆ ಹಿಡಿದರು.

ನೀಲವ್ವನ ಬಾಯಿಂದ ಒಂದೇ ಮಾತು ಬಂತು: "ಗಡ್ಡ."

"ಹೌದಲ್ರಿ, ಗಡ್ಡಿ."

"ಗಡ್ಡಿ ಅಲ್ರಿ. ಗಡ್ಡ."

ಶೆಡ್ಡಿನ ಹುಡುಗರದೊಂದು ನಾಟಕದ ಮೇಳವಿತ್ತು. ಗದಿಗೆಪ್ಪನದು ಋಷಿಯ ಪಾತ್ರ. ಬಾಯ್ಲರಿನಿಂದ ಬಿಚ್ಚಿದ ಆ ಬಿಳಿ ಅರಳೆಯನ್ನು ಬಾಚಣಿಕೆಯಿಂದ ಬಾಚಿ, ಅಂಟು ಹಚ್ಚಿ, ಅವನು ಎದೆಯುದ್ದ ಗಡ್ಡ ಮಾಡಿಕೊಂಡಿದ್ದ. ಮೂಗಿನ ಕೆಳಗೆ ದಪ್ಪ ಮೀಸೆ. ರಾಜನು ಪಂಜು ಹಿಡಿದು ಹೆದರಿಸಲು ಬಂದರೆ ಋಷಿ ಆ ಪಂಜಿಗೇ ಗಡ್ಡ ಒಡ್ಡುತ್ತಿದ್ದ. ಬೆಂಕಿ ನಾಲಗೆ ಚಾಚುತ್ತಿತ್ತು, ಗಡ್ಡ ಸುಡುತ್ತಿರಲಿಲ್ಲ. "ನೋಡು ಮೂಢಾ, ನನ್ನ ತಪಸ್ಸು!" ಎನ್ನುತ್ತಲೂ ಸೀಟಿಯ ಮೇಲೆ ಸೀಟಿ. ಸುತ್ತಲಿನ ಊರುಗಳೆಲ್ಲ ಕರೆದು ಕರೆದು ಆಡಿಸಿದವು. ಶೆಡ್ಡು ಬಿಟ್ಟ ಮೇಲೂ ಗದಿಗೆಪ್ಪ ಗಡ್ಡ ಬಿಡಲಿಲ್ಲ. ಜನರ ಮಧ್ಯೆ ಕೂತು ಆ ಸುಡದ ಗಡ್ಡವನ್ನು ಬಾಯಿ ಬಿಟ್ಟುಕೊಂಡು ನೋಡಿದ ಹುಡುಗಿಯರಲ್ಲಿ ನೀಲವ್ವನೂ ಒಬ್ಬಳು. ಅವಳು ಅಂದೇ ಮನಸ್ಸಿನಲ್ಲಿ ತೀರ್ಮಾನ ಮಾಡಿಕೊಂಡಿದ್ದಳು.

ಒಂದೊಂದು ಸಂಭಾಷಣೆಗೂ ಮೊದಲು ಅವನು ದೀರ್ಘವಾಗಿ ಉಸಿರೆಳೆದುಕೊಳ್ಳುತ್ತಿದ್ದುದು ಆ ಮೀಸೆಯ ಮೂಲಕವೇ.

"ಆ ಎಳಿ ದಶಕಗಟ್ಟಲೆ ಸುಮ್ನ ಕೂತಿರ್ತಾವ," ಎಂದರು ಅಫ್ರೀನ್ ಮೆಲ್ಲಗೆ.

"ಕಲ್ನಾರು ಅಂತ ಹೆಸರಷ್ಟ ನೋಡ್ರಿ," ಎಂದ ಗದಿಗೆಪ್ಪ. "ಒಂದೀಟೂ ನಾರಲಿಲ್ಲ. ನಾರಿದ್ರ ಅವತ್ತ ಬಿಸಾಕತಿದ್ದೆ."

ಈ ಸಲ ಯಾರೂ ನಗಲಿಲ್ಲ. ಆ ಗಡ್ಡದ ಎಳೆ ಅವಳ ಉಸಿರಿಗೂ ಹೋಗಿರಬಹುದೆಂದು ನೀಲವ್ವನ ಎದೆಯ ಚಿತ್ರವನ್ನೂ ತೆಗೆಸಿದರು, ಅದು ಸ್ವಚ್ಛವಾಗಿತ್ತು. ಅವಳಿಗೆ ಅದರಿಂದ ಸಮಾಧಾನವಾಗುವ ಬದಲು ಗಂಡನನ್ನು ಒಬ್ಬನನ್ನೇ ಯಾವುದೋ ಗಾಡಿ ಹತ್ತಿಸಿದಂತೆ ಆಯಿತು.

ಅಲ್ಲಿ ನಡೆಯುತ್ತಿದ್ದ ಹೊಸ ಪ್ರಯೋಗದ ಬಗ್ಗೆ ಅಫ್ರೀನ್ ಮರುದಿನ ಕೂಡಿಸಿಕೊಂಡು ಹೇಳಿದರು. ಕಾಸದ ಹಾಲಿನಲ್ಲಿ, ತಂಗಳು ಮಾಂಸದಲ್ಲಿ ಇರುವ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ. ಅದರ ಹಲ್ಲು ಕಿತ್ತು, ಸಾಧು ಮಾಡಿ, ರಕ್ತಕ್ಕೆ ಬಿಡುವುದು.

"ಅಯ್ಯೋ ಶಿವನ," ಎಂದಳು ನೀಲವ್ವ. "ಹಾಲು ಕಾಸಿ ಕಾಸಿ ಸಾಯಿಸೋ ಹುಳಾನ ಮೈಯಾಗ ಬಿಡತೀರಾ?"

"ಕೇಳ್ರಿ ಅವ್ವಾರ. ಮೈಯೊಳಗ ಕಾವಲುಗಾರ ಕೋಶ ಅದಾವ. ಟಿ ಸೆಲ್ ಅಂತೇವಿ."

"ಟೀ ಸೇಲು?" ಗದಿಗೆಪ್ಪನ ಕಿವಿ ನಿಮಿರಿತು. "ಚಹಾ ಮಾರತಾವಾ?"

"ಮಾರೂದಿಲ್ಲ, ಗಡ್ಡಿ ಮಾಡಿಕೊಟ್ಟ ಚಹಾ ಕುಡಿದು ಮಲಗ್ಯಾವ ಅನ್ಕೋರಿ. ಯಾಕ ಅಂದ್ರ ಕ್ಯಾನ್ಸರು ಭಾಳ ದೊಡ್ಡ ಮಿಮಿಕ್ರಿ ಕಲಾವಿದ. ಕಾವಲುಗಾರ ಬಾಗಿಲಿಗೆ ಬಂದು ಯಾರು ಅಂತ ಕೇಳಿದ್ರ, ಮನಿಯವರ ದನಿ ತೆಗದು 'ನಾನ ಅದೀನೋ ತಮ್ಮಾ, ಹೋಗಿ ಮಲ್ಕೋ' ಅಂತದ. ಅಂವ ಹೋಗಿ ಮಲಗತಾನ."

ಗದಿಗೆಪ್ಪ ಮುಂದಕ್ಕೆ ಬಾಗಿದ. ಇದು ಅವನ ಕಸುಬಿನ ಮಾತು.

"ಆದ್ರ ಎಷ್ಟ ವೇಷ ಹಾಕಿದ್ರೂ ಅದರ ಮೈಮ್ಯಾಲೆ ಒಂದು ಗುರುತು ಐತಿ. ಮೀಸೋಥೀಲಿನ್ ಅಂತ ಪ್ರೋಟೀನು. ನಿಮ್ಮ ಭಾಷಾದಾಗ ಮೀಸಿ ಅನ್ನೋಣು. ನಾವು ಲ್ಯಾಬಿನ್ಯಾಗ ಆ ಮೀಸಿ ತಯಾರು ಮಾಡೂ ವಿದ್ಯಾ ಈ ಬ್ಯಾಕ್ಟೀರಿಯಾಕ್ಕ ಕಲಿಸೇವಿ. ಬ್ಯಾಕ್ಟೀರಿಯಾ ಅಂದ್ರ ಕಾವಲುಗಾರರಿಗೆ ಹುಟ್ಟಾ ಹಗೆ. ಅದು ಒಳಗ ಹೋಗಿ ಗದ್ದಲ ಎಬ್ಬಸ್ತದ. ಎಲ್ಲಾರೂ ಧಡಕ್ಕನ ಎದ್ದು ಅದನ್ನ ಹಿಡಿದು ಬಡೀತಾರ. ಬಡಿಯೂವಾಗ ಮೀಸಿ ನೋಡತಾರ. ಆ ಮೀಸಿ ಅವರ ನೆನಪಿನ್ಯಾಗ ಅಚ್ಚೊತ್ತತದ. ಆಮ್ಯಾಲೆ ಊರೆಲ್ಲಾ ಹುಡುಕತಾರ, ಇಂಥಾ ಮೀಸಿ ಮತ್ತ ಯಾರಿಗೆ ಐತಿ?"

"ಮತ್ತ ಕೀಮೋ?" ಎಂದ ಗದಿಗೆಪ್ಪ.

"ಅದನ್ನೂ ಕೊಡತೀವಿ."

"ಗಡ್ಡಿನ್ನ ಕೀಮಾ ಮಾಡಾಕ."

"ಪೂರ್ತಿ ಕೀಮಾ ಆಗೂದಿಲ್ಲ. ಆದ್ರ ಅದರ ಗ್ವಾಡಿ ಬಿರುಕ ಬಿಡತದ, ಕಾವಲುಗಾರರಿಗೆ ಸಂದಿ ಸಿಗತದ. ಮೊದಲ ಬ್ಯಾಕ್ಟೀರಿಯಾ, ಆಮ್ಯಾಲೆ ಕೀಮೋ, ಮತ್ತ ಬ್ಯಾಕ್ಟೀರಿಯಾ. ಒಬ್ಬರು ಗ್ವಾಡಿ ಒಡೀಬೇಕು, ಒಬ್ಬರು ಒಳಗ ನುಗ್ಗಬೇಕು."

ಗದಿಗೆಪ್ಪ ತಲೆದೂಗುತ್ತ, "ಕಳ್ಳನ್ನ ಹಿಡಿಯಾಕ ಕಳ್ಳನ ವೇಷ," ಎಂದ. "ಇದು ಅಣುಜೀವಿ ಅಲ್ರೀ ಡಾಕ್ಟರವ್ವಾ. ಅಣಕುಜೀವಿ."

ಆ ಹೆಸರು ಆಸ್ಪತ್ರೆಯಲ್ಲಿ ಅಂಟಿಕೊಂಡುಬಿಟ್ಟಿತು. ಮರುವಾರ ನರ್ಸುಗಳು ಕೂಡ "ಅಣಕು ಬಂತೇನ್ರಿ ಮ್ಯಾಲಿಂದ?" ಎಂದು ಕೇಳತೊಡಗಿದ್ದರು.

ಮೂರನೆಯ ಮಹಡಿಯಲ್ಲಿ ಅರ್ಧ ಕತ್ತಲೆಯ ಒಂದು ದೊಡ್ಡ ಕೋಣೆಯಿತ್ತು. ಅದರ ಗೋಡೆಯ ತುಂಬ ಪರದೆ. ಪರದೆಯ ತುಂಬ ಹಸಿರು ಗೆರೆಗಳು. ಪ್ರಯೋಗದಲ್ಲಿದ್ದ ಒಬ್ಬೊಬ್ಬ ರೋಗಿಗೂ ಒಂದೊಂದು ಗೆರೆ. ಯಂತ್ರದ ಹೆಸರು ಕಿವಿಮಾತು. ರೋಗಿಗಳು ಮನೆಯಲ್ಲೇ ಇದ್ದು ಪ್ರತಿದಿನ ಬೆಳಿಗ್ಗೆ ಫೋನಿನಲ್ಲಿ ಒಂದು ವಾಕ್ಯ ಓದಿದರೆ ಸಾಕು. ದನಿಯ ನಡುಕ, ಉಸಿರಿನ ಉದ್ದ, ಗಂಟಲಿನ ಬಿಸಿ ಎಲ್ಲವನ್ನೂ ಸೋಸಿ, ಎದೆಯಲ್ಲಿ ನೀರೆಷ್ಟು, ಮೈಯಲ್ಲಿ ಜ್ವರವೆಷ್ಟು ಎಂದು ಅದು ಹೇಳಿಬಿಡುತ್ತಿತ್ತು. ಥರ್ಮಾಮೀಟರನ್ನು ತಪ್ಪಾಗಿ ಹಿಡಿಯಬಹುದು, ದನಿಯನ್ನು ತಪ್ಪಾಗಿ ಹಿಡಿಯಲಾಗದು ಎಂಬುದು ಅದನ್ನು ಕಟ್ಟಿದವರ ನಂಬಿಕೆ. ಪಾಪ, ಅವರಿಗೆ ಗದಿಗೆಪ್ಪನ ಪರಿಚಯ ಇರಲಿಲ್ಲ.

ಯಂತ್ರ ನೋಡಿಕೊಳ್ಳುತ್ತಿದ್ದವನು ತಪನ್. ಕೋಲ್ಕತ್ತಾದ ಕಡೆಯವನು, ಹುಬ್ಬಳ್ಳಿಗೆ ಬಂದು ಆಸೆಪಟ್ಟು ಕನ್ನಡ ಕಲಿತಿದ್ದ. ಎಲ್ಲ ಅಕ್ಷರಗಳೂ ಒಲಿದಿದ್ದವು, ಳಕಾರ ಒಂದು ಬಿಟ್ಟು. ಓದಬೇಕಾದ ವಾಕ್ಯವನ್ನು ಅವನೇ ಓದಿ ತೋರಿಸಿದ: "ಬೆಲಗಿನ ಗಾಲಿಯಲ್ಲಿ ಬಿಲಿ ಕೊಕ್ಕರೆಗಲು ಕೆರೆಯ ಕಡೆ ಹಾರಿ ಹೋದವು."

"ಗಾಲಿ ಮ್ಯಾಲೆ ಕುಂತು ಹೋದ್ವೇನ್ರಿ ತಪನ್ ಬಾಬು?" ಎಂದ ಗದಿಗೆಪ್ಪ. ಮನೆಗೆ ಬರುವಷ್ಟರಲ್ಲಿ ತಪನ್ ಪೂರ್ತಿಯಾಗಿ ಅವನ ಬಾಯಿಗೆ ಬಂದಿದ್ದ. "ನೀಲವ್ವಾ, ಗುಲಿಗಿ ನುಂಗಿದ ಮೇಲೆ ಬಾಲೆಹಣ್ಣು ತಿನ್ನಬಹುದಾ?" ಎಂದು ಬಸ್ಸಿನಲ್ಲಿ ಅವನು ಕೇಳಿದಾಗ ನೀಲವ್ವ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. ಚಪ್ಪಲಿಯಲ್ಲಿ ಹೆಬ್ಬೆರಳು ಧ್ವಜದಂತೆ ನಿಂತಿತ್ತು.

ಮೊದಲ ಸಲ ಅಣಕು ರಕ್ತಕ್ಕಿಳಿದಾಗ ಏನೂ ಆಗಲಿಲ್ಲ. ಪಾರದರ್ಶಕ ಚೀಲದಿಂದ ತಿಳಿನೀರು ತೊಟ್ಟಿಕ್ಕಿದಂತೆ ಇಳಿಯಿತು. ಅದರಲ್ಲಿ ಕೋಟಿಗಟ್ಟಲೆ ಮೀಸೆಗಳು ಇಳಿಯುತ್ತಿವೆ ಎಂದು ನೆನೆದಾಗ ನೀಲವ್ವನಿಗೆ ಮೈ ಜುಮ್ಮೆಂದಿತು. ಕೀಮೋ ಆಯಿತು, ವಾಂತಿ, ಸುಸ್ತು, ಬಾಯಿ ರುಚಿ ಕೆಟ್ಟು ಮಂಡಕ್ಕಿಯ ಗಿರಮಿಟ್ಟೂ ಮಣ್ಣಾಯಿತು. ನಂತರ ಎರಡನೆಯ ಸಲದ ಅಣಕು.

ಅಂದು ಆಸ್ಪತ್ರೆಯಿಂದ ಹೊರಡುವಾಗ ಅರ್ಧ ತೆರೆದ ಬಾಗಿಲಿನಾಚೆ ತಪನ್ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದುದು ಗದಿಗೆಪ್ಪನ ಕಿವಿಗೆ ಬಿತ್ತು. ಆಟೋದಲ್ಲಿ ಅವನು ಒಂದೂ ದನಿ ತೆಗೆಯಲಿಲ್ಲ. ಮನೆ ಸೇರಿದ ಮೇಲೆ ಹೆಂಡತಿಗೆ ಹೇಳಿದ:

"ದನಿ ಬಿದ್ದವರಿಗೆ ಔಷಧ ನಿಲ್ಲಸ್ತಾರಂತ. ನನ್ನ ಕಿವಿಯಾರೆ ಕೇಳೇನಿ. ದನಿ ಬಿದ್ರ ಡೋಸ್ ನಿಲಸ್ರಿ ಅಂದ."

ನಿಮ್ಮ ಕಿವಿಗೆ ತಪ್ಪು ಕೇಳಿರಬೇಕು ಎನ್ನುವ ಹಾಗಿರಲಿಲ್ಲ. ಊರಿನಲ್ಲೇ ಚುರುಕಾದ ಕಿವಿ ಅವನದು.

ಎರಡು ದಿನ ಕಳೆದ ಮೇಲೆ ಜ್ವರ ಬಂತು. ಅದು ಜ್ವರವೋ, ಮೈಯೊಳಗೆ ಯಾರೋ ಹೋಳಿ ಹುಣ್ಣಿಮೆಯ ಕಾಮಣ್ಣನನ್ನು ಸುಡುತ್ತಿದ್ದರೋ! ಕಂಬಳಿಯ ಮೇಲೆ ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿದ್ದವು. ಒಂದು ಮಾತಿಗೆ ಎರಡು ಸಲ ಉಸಿರೆಳೆದುಕೊಳ್ಳಬೇಕಾಗುತ್ತಿತ್ತು. ಬೆಳಗಾಯಿತು. ಕಿವಿಮಾತಿನ ಕರೆ ಬಂತು.

"ಇದ್ದದ್ದ ಇದ್ದಂಗ ಓದ್ರಿ," ಎಂದಳು ನೀಲವ್ವ.

ಗದಿಗೆಪ್ಪ ಗೋಡೆ ಹಿಡಿದು ಎದ್ದು ಕೂತ. ಕಣ್ಣು ಮುಚ್ಚಿದ. ನಂತರ ಅವನ ಬಾಯಿಂದ ಬಂದ ದನಿ ಕೇಳಿ ನೀಲವ್ವ ಒಲೆಯ ಮೇಲಿನ ಹಾಲನ್ನು ಮರೆತಳು. ತುಂಬು ದನಿ, ಗಟ್ಟಿ ದನಿ. ಎಷ್ಟೋ ವರ್ಷಗಳ ಹಿಂದೆ ಆಟೋದ ಮೈಕು ಕೆಟ್ಟಾಗ ಬರಿಗಂಟಲಲ್ಲಿ ಮೂರು ಓಣಿಗೆ ಕೇಳಿಸಿದ ದನಿ. "ಬೆಳಗಿನ ಗಾಳಿಯಲ್ಲಿ ಬಿಳಿ ಕೊಕ್ಕರೆಗಳು ಕೆರೆಯ ಕಡೆ ಹಾರಿ ಹೋದವು." ಒಂದೇ ಉಸಿರು. ಫೋನು ಇಟ್ಟೊಡನೆ ಅವನು ಗೋಣಿಚೀಲದಂತೆ ಕುಸಿದು ಬಿದ್ದ.

"ಯಾರ ದನಿ ತೆಗದ್ರಿ?" ಅವಳು ಕೇಳಿದಳು.

"ನಂದ," ಎಂದ ಅವನು. "ಹಳೇದು."

ಕಂಬಳಿಯ ಅಂಚಿನಿಂದ ಹೊರಬಂದಿದ್ದ ಹೆಬ್ಬೆರಳು ಆಗಷ್ಟೇ ಮೆಲ್ಲಗೆ ಮಲಗುತ್ತಿತ್ತು.

ಹಾಗೆ ಅದು ಬೆಳಗಿನ ವ್ರತವಾಯಿತು. ನಾಲ್ಕು ದಿಕ್ಕಿನ ಜನರನ್ನೆಲ್ಲ ಅಣಕಿಸಿದವನು ಈಗ ತನ್ನನ್ನೇ ಅಣಕಿಸುತ್ತಿದ್ದ. ನೀಲವ್ವ ಒದ್ದೆ ಬಟ್ಟೆ ಹಣೆಗಿಡುತ್ತ ದಿನಾ ಯೋಚಿಸಿದಳು: ಹೇಳಿದರೆ ಔಷಧ ನಿಲ್ಲಿಸುತ್ತಾರೆ, ನಿಲ್ಲಿಸಿದರೆ ಮನುಷ್ಯ ಉಳಿಯುವುದಿಲ್ಲ. ಹೇಳದಿದ್ದರೆ ಈ ಜ್ವರವೇ ತಿಂದುಬಿಡಬಹುದು. ಒಂದು ವಾರದಲ್ಲಿ ಜ್ವರ ತಾನಾಗಿಯೇ ಇಳಿಯಿತು. ಏದುಸಿರು ಮಾತ್ರ ಉಳಿಯಿತು.

ಮೂರನೆಯ ಸಲಕ್ಕೆ ಮೊದಲು ಎದೆಯ ಚಿತ್ರ ತೆಗೆದರು. ಅಫ್ರೀನ್ ಅವರನ್ನು ಮೂರನೆಯ ಮಹಡಿಗೇ ಕರೆಸಿಕೊಂಡರು. ಗೋಡೆಯ ಪರದೆಯ ಮೇಲೆ ಎರಡು ಚಿತ್ರಗಳು ಅಕ್ಕಪಕ್ಕ. ಹಳೆಯದರಲ್ಲಿ ಎಡ ಶ್ವಾಸಕೋಶದ ಸುತ್ತ ಬೆರಳು ದಪ್ಪದ ಬಿಳಿ ಅಂಚು. ಹೊಸದರಲ್ಲಿ ಅದು ಇನ್ನೂ ದಪ್ಪವಾಗಿತ್ತು. ಅಫ್ರೀನ್ ಈ ಸಲ ತುಟಿ ಕಚ್ಚಿಕೊಂಡದ್ದು ನಗು ತಡೆಯಲು ಅಲ್ಲ.

"ಗಡ್ಡಿ ದೊಡ್ಡದಾಗೇತಿ. ಒಂದೊಂದು ಸಲ ಇದು ಛಲೋ ಸುದ್ದಿನೂ ಆಗಿರ್ತದ. ಕಾವಲುಗಾರರು ಸಾವಿರ ಸಾವಿರ ಒಳಗ ನುಗ್ಗಿದಾಗ ಗಡ್ಡಿ ಊದತದ. ಆದ್ರ ಹಂಗ ನುಗ್ಗಿದ್ರ ಜ್ವರ ಬರಲೇಬೇಕು, ಉಸಿರು ಕಟ್ಟಲೇಬೇಕು." ಅವರು ಗದಿಗೆಪ್ಪನ ಹಸಿರು ಗೆರೆಯತ್ತ ಕೈ ತೋರಿಸಿದರು. ಉಳಿದೆಲ್ಲ ಗೆರೆಗಳು ಬೆಟ್ಟ ಕಣಿವೆ ಹತ್ತಿ ಇಳಿಯುತ್ತಿದ್ದರೆ ಅವನದು ಮೇಜಿನಂತೆ ಸಪಾಟಾಗಿತ್ತು. "ನಿಮಗ ಒಂದು ದಿನಾನೂ ಜ್ವರ ಬಂದಿಲ್ಲ. ದನಿ ಅಂತೂ ಮೂವತ್ತು ವರ್ಷದ ಹುಡುಗಂದು. ಅಂದ್ರ ಒಳಗ ಯುದ್ಧನ ನಡದಿಲ್ಲ. ಬರೇ ಗಡ್ಡಿ ಬೆಳದದ. ನನಗ ಭಾಳ ಬ್ಯಾಸರ ಐತಿ. ಈ ಔಷಧ ನಿಮಗ ಹಿಡಿಸಿಲ್ಲ. ನಿಲ್ಲಸಬೇಕಾಗ್ತದ."

ನೀಲವ್ವನಿಗೆ ಹೊಳೆಯಿತು: ನಿಲ್ಲಿಸಬಾರದೆಂದು ಆಡಿದ ಆಟವೇ ನಿಲ್ಲಿಸುತ್ತಿದೆ. ಅವಳು ಗಂಡನತ್ತ ನೋಡಿದಳು. ಗದಿಗೆಪ್ಪನಿಗೂ ಅದು ಹೊಳೆದಿರಬೇಕು. ಆದರೆ ಹೆದರಿದ ಮನುಷ್ಯ ತನಗೆ ಬರುವ ವಿದ್ಯೆಯನ್ನೇ ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ. "ನಾ ಆರಾಮ ಅದೀನ್ರಿ ಡಾಕ್ಟರವ್ವಾ," ಎಂದು ಕೋಣೆಯೆಲ್ಲ ತುಂಬುವ ಹಳೆಯ ದನಿಯಲ್ಲಿ ಅಂದ. "ಇನ್ನೊಂದು ಸಲ ಕೊಟ್ಟು ನೋಡ್ರಿ. ಕಲ್ಲಿನಂಗ ಅದೀನಿ."

"ಡಾಕ್ಟರವ್ವಾ," ಎಂದಳು ನೀಲವ್ವ. "ಅವರ ಮಾರಿ ನೋಡಬ್ಯಾಡ್ರಿ. ಕಾಲು ನೋಡ್ರಿ."

"ಕಾಲಾ?"

"ಎಡಗಾಲು. ಹೆಬ್ಬಟ್ಟು."

ಅಫ್ರೀನ್ ನೋಡಿದರು. ತಪನ್ ಬಗ್ಗಿ ನೋಡಿದ. ಕೊನೆಗೆ ಗದಿಗೆಪ್ಪನೂ ನೋಡಿಕೊಂಡ. ಚಪ್ಪಲಿಯ ಉಂಗುಷ್ಟದಿಂದ ಬಿಡಿಸಿಕೊಂಡು ಅದು ಸೂರು ನೋಡುತ್ತ ನಿಂತಿತ್ತು.

"ದನಿ ಕದ್ದಾಗ ಅದು ಏಳತದ. ಖರೇ ದನಿಗೆ ಏಳೂದಿಲ್ಲ. ಜ್ವರ ಬಂದಿತ್ತು ಡಾಕ್ಟರವ್ವಾ. ವಾರ ಪೂರ್ತಿ ಕಾದ ಹಂಚಿನಂಗ ಸುಡತಿದ್ರು. ಒಂದು ತುತ್ತು ನುಂಗಾಕ ಉಸಿರು ಸಾಲತಿರಲಿಲ್ಲ. ದಿನಾ ಮುಂಜಾನೆ ನಿಮ್ಮ ಮಿಷನ್ನಿಗೆ ತಮ್ಮ ಹಳೇ ದನಿ ತೆಗದು ಆಟ ಹಚ್ಚಿದ್ರು. ನಾನೂ ಸುಮ್ನಿದ್ದೆ."

"ಇದು ನಿನಗ ಯಾವಾಗಿಂದ ಗೊತ್ತು?" ಎಂದು ಗದಿಗೆಪ್ಪ ಹೆಬ್ಬೆರಳನ್ನೇ ನೋಡುತ್ತ ಕೇಳಿದ.

"ಮದಿವಿ ಆದ ವರ್ಷದಿಂದ."

"ಎಲಾ ಇವಳ!" ಎಂದು ಗದಿಗೆಪ್ಪ ನಕ್ಕ.

"ನಗಬ್ಯಾಡ್ರಿ!" ಅಫ್ರೀನರ ದನಿ ಏರಿತು. "ಜ್ವರ ಇನ್ನೊಂದೀಟು ಏರಿದ್ರ ಸತ್ತಿರತಿದ್ರಿ. ಬ್ಯಾಕ್ಟೀರಿಯಾ ಸಾಯಸೂ ಔಷಧ ನನ್ನ ಕಪಾಟಿನ್ಯಾಗ ಇತ್ತು. ಯಾಕ ಮಾಡಿದ್ರಿ ಹಿಂಗ?"

ಗದಿಗೆಪ್ಪ ಈಗ ಏದುಸಿರು ಬಿಡುತ್ತ, ಇದ್ದ ದನಿಯಲ್ಲಿ, ತುಂಡು ತುಂಡಾಗಿ ಹೇಳಿದ. "ದನಿ ಬಿದ್ರ... ನಿಲ್ಲಸ್ತೀರಲ್ಲ. ತಪನ್ ಬಾಬು ಅಂದಿದ್ದ ಕೇಳೇನಿ. ದನಿ ಬಿದ್ರ ಡೋಸ್ ನಿಲಸ್ರಿ."

ತಪನ್ ಕಕ್ಕಾಬಿಕ್ಕಿಯಾದ. "ನಾನು? ನಾನು ಹೇಲಿದ್ದು ಬೇರೆ! ದನಿ ಬಿದ್ರೆ ಡೋಸನ್ನ ಇಲಸ್ರಿ ಅಂತ. ಇಲಸ್ರಿ! ಕೆಲಗೆ! ಕಮ್ಮಿ!" ಎಂದು ಅಂಗೈಯನ್ನು ಕೆಳಗೆ ಕೆಳಗೆ ಒತ್ತಿ ತೋರಿಸಿದ.

ಇಳಸ್ರಿ. ಡೋಸು ಇಳಿಸಿ, ಜ್ವರ ಇಳಿಸಿ, ಚಿಕಿತ್ಸೆ ಮುಂದುವರಿಸಿ ಎಂದಷ್ಟೇ ಅರ್ಥ. 'ಡೋಸನ್ನ' ಎಂಬುದರ ಬಾಲಕ್ಕೆ 'ಇಲಸ್ರಿ' ಅಂಟಿಕೊಂಡು, ಅರ್ಧ ತೆರೆದ ಬಾಗಿಲಿನ ಸಂದಿಯಲ್ಲಿ ಸಂಧಿಯಾಗಿ, ನಿಲಸ್ರಿ ಆಗಿಬಿಟ್ಟಿತ್ತು. ಬಸ್ಸಿನ ತುಂಬ ತಪನ್‌ನ ಲಕಾರವನ್ನು ಹಂಚಿ ನಗಿಸಿದವನು, ಜೀವದ ಪ್ರಶ್ನೆ ಬಂದಾಗ ಅದೇ ಲಕಾರಕ್ಕೆ ಮೋಸ ಹೋಗಿದ್ದ. ಗದಿಗೆಪ್ಪ ಎರಡೂ ಕಿವಿ ಹಿಡಿದುಕೊಂಡು, "ತಪನ್ ಬಾಬು, ನಿಮ್ಮ ಳಕಾರದ ಶಾಪ ತಟ್ಟಿತು ನನಗ," ಎಂದ.

ಅಫ್ರೀನ್ ಅದಾಗಲೇ ಕೈಗವಸು ಹಾಕಿಕೊಳ್ಳುತ್ತಿದ್ದರು. "ಜ್ವರ ಬಂದದ್ದು ಖರೇ ಆದ್ರ ಒಳಗ ಯುದ್ಧ ನಡದಿರಬೇಕು. ಬಾಯಿಮಾತು ಬ್ಯಾಡ. ಕಣ್ಣಿಲೇ ನೋಡೂಣು."

ಪಕ್ಕೆಗೆ ಸೂಜಿ ಚುಚ್ಚಿ ಚಹಾದ ಬಣ್ಣದ ಒಂದಿಷ್ಟು ನೀರು ತೆಗೆದರು. ಅದರೊಳಗಿನ ಗಡ್ಡೆಯ ಕೋಶಗಳಿಗೆ ಕೆಂಪು ಬೆಳಕಿನ ಬಣ್ಣ, ಕಾವಲುಗಾರ ಕೋಶಗಳಿಗೆ ಹಸಿರು. ಒಂದೇ ಒಂದು ಹನಿಯನ್ನು ಬೆಚ್ಚಗಿನ ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದ ಕೆಳಗೆ ಸರಿಸಿದರು. ತಪನ್ ಗೋಡೆಯ ಮೇಲಿದ್ದ ಗೆರೆಗಳನ್ನೆಲ್ಲ ಅಳಿಸಿದ. ಇಡೀ ಗೋಡೆ ಕಪ್ಪಾಯಿತು. ಮರುಗಳಿಗೆ ಅದರ ಮೇಲೆ ಆ ಹನಿ ತೆರೆದುಕೊಂಡಿತು.

ಮೊದಲು ನೀಲವ್ವನಿಗೆ ಅದು ನೃಪತುಂಗ ಬೆಟ್ಟದ ಮೇಲೆ ನಿಂತು ಸಂಜೆಯ ಹುಬ್ಬಳ್ಳಿಯನ್ನು ನೋಡಿದಂತೆ ಕಂಡಿತು. ನಡುನಡುವೆ ದೊಡ್ಡ ದೊಡ್ಡ ಕೆಂಪು ದೀಪಗಳು. ಸುತ್ತ ಚಿಕ್ಕ ಹಸಿರು ದೀಪಗಳು, ಎಣಿಕೆಗೆ ಸಿಗದಷ್ಟು. ಆದರೆ ಈ ದೀಪಗಳು ನಡೆಯುತ್ತಿದ್ದವು. ಒಂದು ಹಸಿರು ಚುಕ್ಕಿ ತೆವಳುತ್ತ ಕೆಂಪಿನ ಹತ್ತಿರ ಬಂತು. ಸುತ್ತ ಮುಟ್ಟಿ ಮುಟ್ಟಿ ನೋಡಿತು, ಕತ್ತಲಲ್ಲಿ ಕುರುಡ ಮುಖ ಸವರಿ ಗುರುತು ಹಿಡಿಯುವಂತೆ. ತಟ್ಟನೆ ನಿಂತಿತು.

"ಮೀಸಿ ಸಿಕ್ತು," ಎಂದು ಅಫ್ರೀನ್ ಉಸುರಿದರು.

ಹಸಿರು ಚುಕ್ಕಿ ಕೆಂಪಿಗೆ ಒತ್ತಿಕೊಂಡಿತು. ಇನ್ನೊಂದು ಬಂತು. ಮತ್ತೊಂದು. ಯಾರು ಕರೆದರೋ, ಯಾವ ದನಿಯಲ್ಲಿ ಕರೆದರೋ, ಗೋಡೆಯ ಆ ತುದಿಯಿಂದ ಕೂಡ ಹೊರಟು ಬಂದವು. ಕೆಂಪು ದೀಪದ ಮೈಮೇಲೆ ಗುಳ್ಳೆಗಳೆದ್ದವು. ಅದು ಒಮ್ಮೆ ಉಬ್ಬಿ, ನಡುಗಿ, ಮೆಲ್ಲಗೆ ಮಂಕಾಗಿ ಆರಿತು. ಹಸಿರು ಚುಕ್ಕಿಗಳು ಅಲ್ಲಿ ನಿಲ್ಲಲಿಲ್ಲ. ಬಿಡಿಸಿಕೊಂಡು ಮುಂದಿನದರ ಕಡೆ ಹೊರಟವು.

"ಇವು... ಯಾರು?" ನೀಲವ್ವ ಪಿಸುಗುಟ್ಟಿದಳು.

"ನಿಮ್ಮ ಯಜಮಾನ್ರು," ಎಂದರು ಅಫ್ರೀನ್. "ನಾವು ಕೊಟ್ಟ ಬ್ಯಾಕ್ಟೀರಿಯಾ ಎಂದೋ ಸತ್ತು ಹೋದ್ವು. ಮೀಸಿ ತೋರಿಸಿ ಹೋದ್ವು, ಅಷ್ಟ. ಇದೆಲ್ಲಾ ಇವರ ಸ್ವಂತದ್ದು."

ನೀಲವ್ವ ಗೋಡೆಯಿಂದ ಕಣ್ಣು ಕೀಳಲಿಲ್ಲ. ಈ ಮನುಷ್ಯನನ್ನು ಕಾಲಿನ ಹೆಬ್ಬೆರಳಿನವರೆಗೂ ಬಲ್ಲೆ ಎಂದುಕೊಂಡಿದ್ದಳು. ಜಗಳವಾಡಿದ್ದಳು, ಬೈದಿದ್ದಳು, ಬೆನ್ನು ತಿಕ್ಕಿದ್ದಳು. ಅವನ ಒಂದು ಹನಿಯೊಳಗೆ ಇಷ್ಟು ದೊಡ್ಡ ಊರು ದೀಪ ಹಚ್ಚಿಕೊಂಡು, ಹೆಸರಿಲ್ಲದೆ, ಸದ್ದಿಲ್ಲದೆ, ಅವನಿಗಾಗಿ ಹೋರಾಡುತ್ತಿತ್ತು. ಅವಳು ಒದ್ದೆ ಬಟ್ಟೆ ಹಿಡಿದು ಹಣೆ ಒರೆಸುತ್ತಿದ್ದ ಆ ಬೆಳಗುಗಳಲ್ಲಿ ಒಳಗೆ ಹೀಗೆ ದೀಪಗಳು ನಡೆಯುತ್ತಿದ್ದವೇ? ಅವಳು ತನಗರಿವಿಲ್ಲದೆಯೇ ಎರಡೂ ಕೈ ಜೋಡಿಸಿದ್ದಳು. ಯಾವುದಕ್ಕೆ ಕೈ ಮುಗಿಯಬೇಕೋ ತಿಳಿಯದೆ ಇಡೀ ಗೋಡೆಗೇ ಮುಗಿದಳು.

ಗದಿಗೆಪ್ಪ ಬಾಯಿ ತೆರೆದ. ಎಲ್ಲರೂ ಈಗೊಂದು ಪದ ತಿರುಚುತ್ತಾನೆ, ಇಲ್ಲವೇ ಈ ಕಾಳಗಕ್ಕೆ ರಣಕಹಳೆಯ ದನಿ ತೆಗೆಯುತ್ತಾನೆ ಎಂದುಕೊಂಡರು. ಅವನು ಬಾಯಿ ಮುಚ್ಚಿದ. ಮತ್ತೆ ತೆರೆದ. ಏನೂ ಬರಲಿಲ್ಲ. ಗೂಡ್ಸ್ ಗಾಡಿಗೂ ಎಮ್ಮೆಗೂ ಒಣ ನಲ್ಲಿಗೂ ದನಿ ಕೊಟ್ಟವನಿಗೆ ಇದಕ್ಕೆ ಕೊಡಲು ದನಿ ಸಿಗಲಿಲ್ಲ. ಅವನ ಕಣ್ಣಿಂದ ನೀರಿಳಿಯುತ್ತಿತ್ತು, ಆ ನೀರಿನಲ್ಲಿ ಕೂಡ ಹಸಿರು ಬೆಳಕು.

"ಮೂರನೇ ಡೋಸ್ ನಾಳೆ," ಎಂದು ಅಫ್ರೀನ್ ತಪನ್‌ಗೆ ಹೇಳಿದರು. "ಇಳಿಸಿ ಕೊಡೂಣು. ಮತ್ತ ಕೇಳಿಲ್ಲಿ, ಇನ್ನ ಮುಂದ ಇವರ ಕಡೆಯಿಂದ ದನಿಯ ಜೋಡಿ ಹೆಬ್ಬಟ್ಟಿನ ಫೋಟೋ ಬರಬೇಕು. ಫೋಟೋ ಇಲ್ಲಂದ್ರ ದನಿ ನಂಬಬ್ಯಾಡ."

ಹಾಗೆ ಕಿವಿಮಾತಿನ ಗೋಡೆಯ ಮೇಲೆ ಎಲ್ಲರ ಹಸಿರು ಗೆರೆಗಳ ನಡುವೆ ದಿನವೂ ಒಂದು ಹೆಬ್ಬೆರಳು ಮೂಡತೊಡಗಿತು. ದೂರದೂರಿಂದ ನೋಡಲು ಬಂದ ವಿಜ್ಞಾನಿಗಳು ಇದು ಯಾವ ಹೊಸ ಪರೀಕ್ಷೆ ಎಂದು ಕೇಳುತ್ತಿದ್ದರು. ತಪನ್ ಗಂಭೀರವಾಗಿ, "ಸ್ಥಲೀಯ ವಿಧಾನ," ಎನ್ನುತ್ತಿದ್ದ.

ಜ್ವರ ಮತ್ತೆ ಬಂತು, ಆದರೆ ಈ ಸಲ ಅದು ಗೋಡೆಯ ಮೇಲೂ ಬಂತು. ತಕ್ಕ ಗುಳಿಗೆಯೂ ಬಂತು. ಕೀಮೋ ಬಂತು, ಕೂದಲು ಹೋಯಿತು, ಖರೇ ಮೀಸೆಯೂ ಉದುರಿತು. "ಮೀಸಿಗೆ ಮೀಸಿ ಸರಿಹೋತು," ಎಂದ ಗದಿಗೆಪ್ಪ. ಒಂದೆರಡು ಸಲ ಹೆಬ್ಬೆರಳನ್ನು ಕೈಯಿಂದ ಒತ್ತಿ ಹಿಡಿದು ಹಳೆಯ ದನಿ ತೆಗೆಯಲು ನೋಡಿದ. ಬೆರಳು ಒತ್ತಿದರೆ ದನಿ ಹುಟ್ಟುತ್ತಲೇ ಇರಲಿಲ್ಲ. ಆಮೇಲೆ ಬೆರಳು ಹಿಡಿಯುವ ಕೆಲಸ ನೀಲವ್ವನದಾಯಿತು.

ಮುಂದಿನ ಚಳಿಗಾಲದ ಚಿತ್ರದಲ್ಲಿ ಆ ಬಿಳಿ ಅಂಚು ಸೀಸಕಡ್ಡಿಯ ಗೆರೆಯಷ್ಟು ತೆಳುವಾಗಿತ್ತು. "ಪೂರಾ ಹೋಗಿಲ್ಲ," ಎಂದರು ಅಫ್ರೀನ್. "ಪೂರಾ ಹೋಗ್ತದೋ ಇಲ್ಲೋ ನನಗ ಗೊತ್ತಿಲ್ಲ. ಆದ್ರ ಕಾವಲುಗಾರರು ಎಚ್ಚರ ಅದಾರ." ಹೋಲಿಸಿ ನೋಡಲು ಕಿವಿಮಾತಿಗೆ ಗದಿಗೆಪ್ಪನದೊಂದು ಹೊಸ ಮೂಲದನಿ ಬೇಕಿತ್ತು, ಇದ್ದ ಹಳೆಯದನ್ನೆಲ್ಲ ತಪನ್ ಅಳಿಸಿಹಾಕಿದ್ದ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಎಳೆಬಿಸಿಲು. ಗದಿಗೆಪ್ಪ ಕಟ್ಟೆಯ ಮೇಲೆ ಕಾಲು ಚಾಚಿ ಕೂತ. ನೀಲವ್ವ ಎದುರಿಗೆ ಕೂತು, ಎಂದಿನಂತೆ ಅವನ ಎಡಗಾಲಿನ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದಳು. ಕರೆ ಬಂತು.

"ಬೆಳಗಿನ ಗಾಳಿಯಲ್ಲಿ ಬಿಳಿ ಕೊಕ್ಕರೆಗಳು ಕೆರೆಯ ಕಡೆ ಹಾರಿ ಹೋದವು."

ಒಂದೇ ಉಸಿರಿನಲ್ಲಿ ಮುಗಿಯಿತು. ತುಸು ಗೊಗ್ಗರು, ತುಸು ನಿಧಾನ; ಮೊದಲಿನ ಗಟ್ಟಿತನವಿಲ್ಲ, ಕಾಯಿಲೆಯ ಬಿರುಕೂ ಇಲ್ಲ. ನೀಲವ್ವ ಈ ದನಿಯನ್ನು ಎಂದೂ ಕೇಳಿರಲಿಲ್ಲ. ಯುವಕನದಲ್ಲ, ರೋಗಿಯದಲ್ಲ, ಋಷಿಯದಂತೂ ಅಲ್ಲವೇ ಅಲ್ಲ.

"ಯಾರ ದನಿರೀ ಇದು?" ಎಂದಳು.

"ಯಾಂವಗೆ ಗೊತ್ತು," ಎಂದ ಅವನು, ತಾನೂ ಕಿವಿಗೊಟ್ಟು ಕೇಳಿಸಿಕೊಳ್ಳುತ್ತ. "ಹೊಸಬ ಯಾವನೋ ಬಂದಂಗೈತಿ."

ಅವಳ ಮುಷ್ಟಿಯೊಳಗೆ ಹೆಬ್ಬೆರಳು ಗುಬ್ಬಿಮರಿಯಂತೆ ಬೆಚ್ಚಗೆ, ಅಲುಗಾಡದೆ ಮಲಗಿತ್ತು.

"ಆತಲ್ಲ, ಇನ್ನ ಬಿಡು," ಎಂದ ಗದಿಗೆಪ್ಪ.

ನೀಲವ್ವ ಬಿಡಲಿಲ್ಲ.